ಮೆದುಳಿನ ಗಡ್ಡೆ: ಕರೆಂಟ್ ಶುರುವಾಗುವ ಮೊದಲೇ ಜೀನ್ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಮೆದುಳಿನ ಗಡ್ಡೆಯ ಆಪರೇಷನ್ ಆಗುತ್ತದೆ. ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡುವ ಮಷೀನೂ ಇಲ್ಲೇ ಇದೆ. ಗದಗ, ಹಾವೇರಿ ಕಡೆಯವರಿಗೆ ದೊಡ್ಡ ಅನುಕೂಲ. ಆದರೆ ಆಪರೇಷನ್ನಿಗೂ ಕರೆಂಟಿಗೂ ನಡುವೆ ಆಗಬೇಕಾದ ಒಂದು ಕೆಲಸ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಅದು ತೆಗೆದ ಗಡ್ಡೆಯ ಜೀನ್ ಪರೀಕ್ಷೆ. ರೇಡಿಯೇಷನ್‌ಗೆ ಆ ಗಡ್ಡೆ ಎಷ್ಟು ಬಗ್ಗುತ್ತದೆ, ಅದರ ಜೊತೆ ಯಾವ ಔಷಧ ಬೇಕು ಅನ್ನುವುದು ಬಹಳಷ್ಟು ಅದರ ಮೇಲೇ ನಿಂತಿದೆ.

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿ ದುಡಿದು ನಿವೃತ್ತನಾದವನು. ಡಬ್ಬಿಯಲ್ಲಿ ಬಂದ ತುಣುಕನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದ ಬ್ಲಾಕ್ ಮಾಡಿ, ಮೂರ್ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆದು, ಬಣ್ಣ ಹಾಕಿ ಡಾಕ್ಟರ ಮುಂದೆ ಇಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ನಾನು ಹೇಳುವುದೆಲ್ಲ ಆ ಬ್ಲಾಕಿನ ಕಡೆಯಿಂದ ನೋಡಿದ್ದು.

ಒಂದು ಸಲ ಬೆಟಗೇರಿಯ ನೇಕಾರರೊಬ್ಬರು ಲ್ಯಾಬಿನ ಕಿಟಕಿಗೆ ಬಂದರು. ಮಗನಿಗೆ ಮೂವತ್ತರ ಆಸುಪಾಸು. ಫಿಟ್ಸ್ ಬಂದು ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಕಂಡಿತ್ತು. ಆಪರೇಷನ್ ಮುಗಿದು ಕರೆಂಟ್ ಶುರುವಾಗಿತ್ತು. ರಿಪೋರ್ಟಿನಲ್ಲಿ ‘ಗ್ಲಯೋಮಾ, ಗ್ರೇಡ್ 3’ ಎಂದಷ್ಟೇ ಇತ್ತು. ಗ್ಲಯೋಮಾ ಅಂದರೆ ಮೆದುಳಿನ ನರಕೋಶಗಳಿಗೆ ಆಸರೆಯಾದ ಕೋಶಗಳ ಗಡ್ಡೆ, ಗ್ರೇಡ್ ಅಂದರೆ ಅದು ಎಷ್ಟು ಉಗ್ರ ಅನ್ನುವ ಅಳತೆ. ಆಗ ಹೊಸದಾಗಿ ನೋಡಿದ ಡಾಕ್ಟರೊಬ್ಬರು ಐಡಿಎಚ್ ಮತ್ತು 1ಪಿ/19ಕ್ಯೂ ಪರೀಕ್ಷೆ ಎಲ್ಲಿ ಎಂದು ಕೇಳಿದ್ದರು. ಬ್ಲಾಕ್ ಹುಡುಕಿ ಕೊಟ್ಟೆವು. ಅದು ಕೊರಿಯರ್‌ನಲ್ಲಿ ಮುಂಬೈಗೆ ಹೋಯಿತು. ಉತ್ತರ ಬರುವ ಹೊತ್ತಿಗೆ ಕರೆಂಟ್ ಮುಗಿಯುತ್ತಾ ಬಂದಿತ್ತು. ಐಡಿಎಚ್ ಜೀನ್ ಬದಲಾಗಿತ್ತು. ಒಂದನೇ ಮತ್ತು ಹತ್ತೊಂಬತ್ತನೇ ಕ್ರೋಮೋಸೋಮಿನ ಒಂದೊಂದು ತೋಳು (ಇವೇ 1ಪಿ ಮತ್ತು 19ಕ್ಯೂ) ಕಳೆದುಹೋಗಿದ್ದವು. ಇಂಥ ಗಡ್ಡೆಗೆ ಆಲಿಗೋಡೆಂಡ್ರೋಗ್ಲಯೋಮಾ ಎನ್ನುತ್ತಾರೆ. ಗ್ಲಯೋಮಾಗಳ ಪೈಕಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಜಾತಿ ಇದು.

ಅಷ್ಟರಲ್ಲಿ ತಂದೆ ಒಂದು ಮಗ್ಗ ಮಾರಿಬಿಟ್ಟಿದ್ದರು. ಇನ್ನು ಅದರ ಮೇಲೆ ಯಾರು ಕೂರಬೇಕು ಅಂತ.

‘ಜೀನ್ ಬದಲಾದ್ರ ಕರೆಂಟ್ ಛಲೋ ಹತ್ತತೈತೇನ್ರಿ?’ ಎಂದು ಅವರು ಕೇಳಿದರು. ಅವರ ಕಸುಬಿನಲ್ಲೇ ಹೇಳಿದೆ. ರೇಡಿಯೇಷನ್ ಅಂದರೆ ಕೋಶದೊಳಗಿನ ಡಿಎನ್‌ಎ ಎಳೆಗಳನ್ನು ಹರಿಯುವುದು. ಹರಿದ ಎಳೆಗೆ ಕೋಶ ಮತ್ತೆ ಗಂಟು ಹಾಕಿಕೊಂಡರೆ ಬದುಕುತ್ತದೆ. ಗಂಟು ಹಾಕುವ ಕೈ ಚುರುಕಾಗಿದ್ದರೆ ಎಷ್ಟು ಹರಿದರೂ ಮಗ್ಗ ನಿಲ್ಲುವುದಿಲ್ಲ, ಅಲ್ವಾ? ಐಡಿಎಚ್ ಬದಲಾದ ಗಡ್ಡೆಯಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಪದಾರ್ಥ ತುಂಬಿಕೊಳ್ಳುತ್ತದೆ. ಅದು ಆ ಕೈಯನ್ನು ನಿಧಾನ ಮಾಡುತ್ತದೆ. ಅವರಿಗೆ ಥಟ್ಟನೆ ಅರ್ಥವಾಯಿತು. ರಿಪೋರ್ಟ್ ಓದಿದ ಎಷ್ಟೋ ಪದವೀಧರರಿಗೆ ಆಗಿರಲಿಲ್ಲ.

ಈ 1ಪಿ/19ಕ್ಯೂ ವಿಷಯದಲ್ಲಿ ಅಂಕಿಗಳೇ ಮಾತಾಡುತ್ತವೆ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಒಂದು ಅಧ್ಯಯನದ ದೀರ್ಘಕಾಲದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಎರಡೂ ತೋಳು ಕಳೆದುಕೊಂಡ ಗಡ್ಡೆಯವರಲ್ಲಿ ಬರೀ ಕರೆಂಟ್ ಪಡೆದವರ ಪೈಕಿ ಅರ್ಧ ಜನ 7.3 ವರ್ಷ ದಾಟಿದರು. ಕರೆಂಟಿಗೆ ಮೊದಲು ಪಿಸಿವಿ ಎಂಬ ಮೂರು ಔಷಧಗಳ ಕೀಮೋ ಪಡೆದವರಲ್ಲಿ ಅದು 14.7 ವರ್ಷ. ತೋಳು ಕಳೆಯದ ಗಡ್ಡೆಯವರಲ್ಲಿ ಕೀಮೋ ಸೇರಿಸಿದರೂ 2.6 ವರ್ಷ, ಸೇರಿಸದಿದ್ದರೂ 2.7 ವರ್ಷ. ಅದೇ ಕಾಯಿಲೆ, ಅದೇ ಮಷೀನು. ಯೂರೋಪಿನ ಅಧ್ಯಯನದಲ್ಲಿ ಇದೇ ಕೀಮೋವನ್ನು ಕರೆಂಟ್ ಆದ ಮೇಲೆ ಕೊಟ್ಟರೂ ಲಾಭ ಕಂಡಿದೆ. ಹಾಗಾಗಿ ಬೆಟಗೇರಿಯ ಹುಡುಗನಿಗೆ ಔಷಧದ ದಾರಿ ತಪ್ಪಲಿಲ್ಲ. ಮಗ್ಗ ಮಾತ್ರ ಹೋಯಿತು.

ಗ್ಲಯೋಬ್ಲಾಸ್ಟೋಮಾದ ಕಥೆ ಬೇರೆ. ಇದು ಗ್ಲಯೋಮಾಗಳಲ್ಲೇ ಹಟಮಾರಿ ಗಡ್ಡೆ. ಇದಕ್ಕೆ ಸಾಮಾನ್ಯವಾಗಿ 30 ಸಿಟ್ಟಿಂಗ್‌ಗಳಲ್ಲಿ 60 ಗ್ರೇ (ಗ್ರೇ ಅಂದರೆ ಕರೆಂಟಿನ ಅಳತೆ) ಕರೆಂಟ್ ಕೊಡುತ್ತಾರೆ. ಆರು ವಾರ ಹಿಡಿಯುತ್ತದೆ. ಜೊತೆಗೆ ಟೆಮೊಝೋಲೊಮೈಡ್ ಮಾತ್ರೆ. ಈ ಜೋಡಿ ಬಂದದ್ದು 2005ರಲ್ಲಿ. ಬರೀ ಕರೆಂಟಿನಲ್ಲಿ ಅರ್ಧ ಜನ 12.1 ತಿಂಗಳು ದಾಟಿದರೆ, ಮಾತ್ರೆ ಸೇರಿಸಿದಾಗ ಅದು 14.6 ತಿಂಗಳಾಯಿತು. ಇಷ್ಟೇನಾ ಅನ್ನಿಸುತ್ತದೆ. ಆದರೆ ಅದೇ ವರ್ಷ ಎಂಜಿಎಂಟಿ ಎಂಬ ಜೀನ್ ನೋಡಿ ಲೆಕ್ಕ ಬಿಡಿಸಿದಾಗ ಚಿತ್ರ ಬದಲಾಯಿತು. ಮಾತ್ರೆ ಡಿಎನ್‌ಎಗೆ ಮಾಡಿದ ಹಾನಿಯನ್ನು ಈ ಜೀನ್ ಸರಿಪಡಿಸುತ್ತದೆ. ಗಡ್ಡೆಯಲ್ಲಿ ಇದು ಮುಚ್ಚಿಹೋಗಿದ್ದವರು ಜೋಡಿ ಚಿಕಿತ್ಸೆಯಲ್ಲಿ 21.7 ತಿಂಗಳು ಕಂಡರು, ಬರೀ ಕರೆಂಟಿನಲ್ಲಿ 15.3. ಜೀನ್ ತೆರೆದೇ ಇದ್ದವರಿಗೆ ಮಾತ್ರೆಯಿಂದ ಹೆಚ್ಚೇನೂ ಸಿಗಲಿಲ್ಲ.

ವಯಸ್ಸಾದವರಲ್ಲಿ ಇದು ಇನ್ನೂ ಮುಖ್ಯ. ಸವಣೂರಿನ ಕಡೆಯ ಎಪ್ಪತ್ತು ದಾಟಿದ ಒಬ್ಬ ಅಜ್ಜನನ್ನು ಆರು ವಾರದ ಕರೆಂಟಿಗೆ ಹಾಕಿದ್ದರು. ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು. ಮಗ ಅಂಗಡಿ ಮುಚ್ಚಿ ಆಸ್ಪತ್ರೆ ಹತ್ತಿರ ರೂಮ್ ಹಿಡಿದಿದ್ದ. ಅಜ್ಜ ಸುಸ್ತಾಗಿ ಅರ್ಧಕ್ಕೇ ಊರಿಗೆ ಹೋದರು. ಅವರ ಎಂಜಿಎಂಟಿ ಪರೀಕ್ಷೆ ಆಗಿರಲೇ ಇಲ್ಲ. 2012ರಲ್ಲಿ ಜರ್ಮನಿಯ ಒಂದು ಮತ್ತು ನಾರ್ಡಿಕ್ ದೇಶಗಳ ಇನ್ನೊಂದು ಅಧ್ಯಯನ ಇಂಥ ಹಿರಿಯರ ಮೇಲೇ ಬಂದಿವೆ. ಜೀನ್ ಮುಚ್ಚಿದ್ದರೆ ಬರೀ ಮಾತ್ರೆಯಿಂದಲೇ ಒಳ್ಳೆಯ ಫಲ. ತೆರೆದಿದ್ದರೆ ಕರೆಂಟೇ ವಾಸಿ. ಕರೆಂಟೇ ಬೇಕಾದರೂ ಹಿರಿಯರಿಗೆ ಮೂರು ವಾರದಲ್ಲಿ 15 ಸಿಟ್ಟಿಂಗ್ ಕೊಡುವ ಪದ್ಧತಿ ಇದೆ. ಆ ಅಜ್ಜನಿಗೆ ಯಾವುದು ಸರಿಯಿತ್ತು ಅಂತ ಯಾರೂ ನೋಡಲೇ ಇಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ನಮ್ಮ ಕಾಲದಲ್ಲಿ ಮೈಕ್ರೋಸ್ಕೋಪ್ ಹೇಳಿದ್ದೇ ಕೊನೆಯ ಮಾತು. ಈಗ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಮೆದುಳು ಗಡ್ಡೆಗಳ ಹೆಸರಿಗೆ ಜೀನ್ ಸೇರಿಸಿತು. 2021ರ ಪಟ್ಟಿ ಇನ್ನೂ ಮುಂದೆ ಹೋಯಿತು. ಸ್ಲೈಡಿನಲ್ಲಿ ಸಾಧುವಾಗಿ ಕಂಡ ಆಸ್ಟ್ರೋಸೈಟೋಮಾ ಎಂಬ ಗ್ಲಯೋಮಾದಲ್ಲೂ ಐಡಿಎಚ್ ಬದಲಾಗದೆ, ಟರ್ಟ್ ಅಥವಾ ಇಜಿಎಫ್ಆರ್ ಜೀನಿನಲ್ಲಿ ಕೆಲವು ಬದಲಾವಣೆ ಸಿಕ್ಕರೆ ಅದನ್ನು ಗ್ಲಯೋಬ್ಲಾಸ್ಟೋಮಾ ಎಂದೇ ಕರೆಯಬೇಕು. ಅಂದರೆ ಬರೀ ‘ಗ್ರೇಡ್ 2’ ಎಂದು ಬರೆದ ರಿಪೋರ್ಟ್ ಅರ್ಧ ರಿಪೋರ್ಟ್.

ಮಕ್ಕಳ ಗಡ್ಡೆಗಳದು ಬೇರೆಯೇ ಲೆಕ್ಕ. ಮೆಡುಲ್ಲೋಬ್ಲಾಸ್ಟೋಮಾದಲ್ಲೂ ಜೀನ್ ನೋಡಿ ಗುಂಪು ಮಾಡುತ್ತಾರೆ, ಕೆಲವಕ್ಕೆ ಕರೆಂಟ್ ಕಮ್ಮಿ ಮಾಡಬಹುದೇ ಎಂಬ ಪ್ರಯೋಗಗಳೂ ನಡೆದಿವೆ. ಅದನ್ನು ಬಲ್ಲ ಡಾಕ್ಟರು ಬರೆಯಲಿ.

ಜೀನ್ ಅಂದಕೂಡಲೇ ನಮ್ಮ ಕಡೆ ಮನೆಯವರು ಹೆದರುತ್ತಾರೆ. ‘ನಮ್ಮ ಹುಡುಗ್ರಿಗೂ ಬರತೈತೇನ್ರಿ? ಮಗಳ ಲಗ್ನ ಐತಿ’ ಎಂದು ಪಿಸುಗುಟ್ಟಿ ಕೇಳಿದವರಿದ್ದಾರೆ. ಪರೀಕ್ಷೆಯೇ ಬೇಡ ಎಂದವರೂ ಇದ್ದಾರೆ. ಐಡಿಎಚ್, 1ಪಿ/19ಕ್ಯೂ, ಎಂಜಿಎಂಟಿ, ಇವೆಲ್ಲ ಆ ಗಡ್ಡೆಯೊಳಗೆ ಮಾತ್ರ ಆದ ಬದಲಾವಣೆ. ಮಕ್ಕಳಿಗೆ ದಾಟುವಂಥದ್ದಲ್ಲ. ವಂಶದಲ್ಲಿ ಬರುವ ಕೆಲವು ಅಪರೂಪದ ತೊಂದರೆಗಳಿವೆ, ಅದಕ್ಕೆ ಬೇರೆಯೇ ರಕ್ತ ಪರೀಕ್ಷೆ ಇದೆ. ಡಾಕ್ಟರು ಈ ಒಂದು ಮಾತನ್ನು ಮೊದಲೇ ಹೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಪರೀಕ್ಷೆಗೆ ಕಾಯುತ್ತ ಕೂತರೆ ಚಿಕಿತ್ಸೆ ತಡವಾಗುತ್ತೆ ಅನ್ನುವವರಿದ್ದಾರೆ. ಆಪರೇಷನ್ ಆದ ಮೇಲೆ ಗಾಯ ಒಣಗಲು ಹೇಗೂ ಮೂರ್ನಾಲ್ಕು ವಾರ ಬಿಟ್ಟೇ ಕರೆಂಟ್ ಶುರು ಮಾಡುತ್ತಾರೆ. ಬ್ಲಾಕ್ ಸಿದ್ಧವಾದ ದಿನವೇ ಪರೀಕ್ಷೆಗೆ ಹೋದರೆ ಆ ವಾರಗಳಲ್ಲೇ ಉತ್ತರ ಬರುತ್ತದೆ. ತಡ ಆಗುವುದು ಪರೀಕ್ಷೆಯಿಂದಲ್ಲ, ಅದನ್ನು ಬರೆಯಲು ಮರೆಯುವುದರಿಂದ.

ಎಲ್ಲವನ್ನೂ ಮುಂಬೈ-ಬೆಂಗಳೂರಿಗೇ ಕಳಿಸಬೇಕು ಅಂತಲೂ ಇಲ್ಲ. ಐಡಿಎಚ್‌ನ ಅತಿ ಸಾಮಾನ್ಯ ಬದಲಾವಣೆಯನ್ನು ಹಿಡಿಯಲು ಸ್ಲೈಡಿನ ಮೇಲೆ ಹಾಕುವ ಒಂದು ಆ್ಯಂಟಿಬಾಡಿ ಸಾಕು, ಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ. ಎಟಿಆರ್‌ಎಕ್ಸ್ ಎಂಬ ಇನ್ನೊಂದು ಜೀನಿನ ಪರೀಕ್ಷೆಗೂ ಸ್ಲೈಡಿನ ಮೇಲೆ ಆ್ಯಂಟಿಬಾಡಿಯೇ ಸಾಕು. ಸ್ತನ ಕ್ಯಾನ್ಸರಿಗೆ ಇದೇ ತರಹದ ಬಣ್ಣ ಹಾಕುವ ಲ್ಯಾಬಿನಲ್ಲಿ ಇದೂ ಆಗಬಹುದು. 1ಪಿ/19ಕ್ಯೂ ಮತ್ತು ಎಂಜಿಎಂಟಿಯನ್ನು ಮಾತ್ರ ಹೊರಗೆ ಕಳಿಸಿದರಾಯಿತು.

ಇನ್ನು ದುಡ್ಡು. ಬೆಟಗೇರಿಯವರಿಗೆ ಆಪರೇಷನ್ನೂ ಕರೆಂಟೂ ಬಿಪಿಎಲ್ ಕಾರ್ಡಿನ ಮೇಲೆ ಆಯಿತು. ಪರೀಕ್ಷೆಯ ಖರ್ಚು ಕೈಯಿಂದ ಹೋಯಿತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಯಾವ ಚಿಕಿತ್ಸೆ ಬೇಕೆಂದು ತೀರ್ಮಾನಿಸುವ ಪರೀಕ್ಷೆ ಜೇಬಿನಿಂದ ಆಗಬಾರದು. ಮೆದುಳು ಗಡ್ಡೆಯ ಆಪರೇಷನ್ ಪ್ಯಾಕೇಜಿನೊಳಗೇ ಇದನ್ನು ಕಡ್ಡಾಯವಾಗಿ ಸೇರಿಸಬೇಕು. ನಮ್ಮ ಭಾಗದ ಶಾಸಕರು ಹೊಸ ಮಷೀನಿನ ಉದ್ಘಾಟನೆಗೆ ಬರುತ್ತಾರಲ್ಲ, ಇದನ್ನೂ ಒಮ್ಮೆ ಸದನದಲ್ಲಿ ಕೇಳಲಿ.

ಮನೆಯವರಿಗೆ ನನ್ನ ಮಾತು ಇಷ್ಟೇ. ಆಪರೇಷನ್ನಿಗೆ ಮೊದಲೇ ಡಾಕ್ಟರನ್ನು ಕೇಳಿ: ಜೀನ್ ಪರೀಕ್ಷೆ ಬರೆದಿದ್ದೀರಾ? ತುಣುಕು ಹಾಕುವ ಡಬ್ಬಿಯಲ್ಲಿ ಸಲೈನ್ ಅಲ್ಲ, ಫಾರ್ಮಲಿನ್ ಇರಬೇಕು, ಅದೂ ತುಣುಕಿನ ಹತ್ತು ಪಟ್ಟು. ಹೊರಗಡೆ ತೋರಿಸುವುದಾದರೆ ಬ್ಲಾಕ್ ಕೇಳಿ ಪಡೆಯಿರಿ. ಲ್ಯಾಬಿನವರೇ, ನಾಳೆ ಬಾ ಅನ್ನಬೇಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಡಿ. ಬೇಸಿಗೆಯಲ್ಲಿ ಒಯ್ಯುವವರು ಅದನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಕರಗುತ್ತದೆ.

– ನಿವೃತ್ತ ಲ್ಯಾಬ್ ಟೆಕ್ನಿಶಿಯನ್, ವಿದ್ಯಾನಗರ, ಹುಬ್ಬಳ್ಳಿ