ಲೆಕ್ಕ ಬರೆಯುತ್ತಿದ್ದ ಹೆಂಗಸರು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಈಗ ಏನು ಓದ್ತಾ ಇದೀಯ ಅವ್ವಾ ಅಂತ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಈ ಪತ್ರ.

ಈ ತಿಂಗಳು ಎರಡು ಪುಸ್ತಕ ಮುಗಿಸಿದೆ. ಒಂದು ನಮ್ಮ ಸಂಡೂರಿನ ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’, 2019ರಲ್ಲಿ ಬಂದ ಕಾದಂಬರಿ. ಇನ್ನೊಂದು ರಾಬರ್ಟ್ ಸೂಯೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ. ಸೂಯೆಲ್ ಬರೆದ ಭಾಗವನ್ನು ಬೇಗ ಬೇಗ ತಿರುವಿ ಹಾಕಿದೆ. ಆದರೆ ಕೊನೆಗೆ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರಹ ಇದೆ, ಅದನ್ನು ಕೆಳಗಿಡಲು ಆಗಲಿಲ್ಲ. ಅವನು ಹೇಳೋದು ನಮ್ಮ ರಾಯಚೂರು ಕೋಟೆಯ ಕಥೆ.

1520ರಲ್ಲಿ ಕೃಷ್ಣದೇವರಾಯ ಈ ಕೋಟೆಗೆ ಮುತ್ತಿಗೆ ಹಾಕಿದ. ಸೈನಿಕರು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳಬೇಕು, ಮೇಲೆ ನಿಂತವರು ಸುಮ್ನೆ ಬಿಡ್ತಾರಾ? ಹಾಗಾಗಿ ಕಿತ್ತು ತಂದ ಒಂದೊಂದು ಕಲ್ಲಿಗೂ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರಂತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಬಿಸಿಲು ಇಳಿದ ಮೇಲೆ ಕೋಟೆಗೆ ಹೋದೆ. ನೀನು ಚಿಕ್ಕವಳಿದ್ದಾಗ ಅಪ್ಪನ ಹೆಗಲೇರಿ ನೋಡ್ತಿದ್ದೆಯಲ್ಲ, ಸುಮಾರು 41 ಅಡಿ ಉದ್ದದ ಆ ಒಂದೇ ಕಲ್ಲು, 1294ರ ಶಾಸನ ಇರೋದು, ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಆ ಕಲ್ಲನ್ನು ಗಾಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಎಷ್ಟು ಜನ ಬೆವರು ಸುರಿಸಿ ಕೂಡಿಸಿದ ಗೋಡೆ! ಅದನ್ನು ಕೀಳೋಕೂ ಕಲ್ಲಿಗಿಷ್ಟು ಅಂತ ರೇಟು.

ಈಗ ನಿನಗೆ ಹೇಳಲೇಬೇಕಾದ ಮಾತು. ವಿಜಯನಗರದ ಅರಮನೆಯೊಳಗಿನ ಖರ್ಚಿನ ಲೆಕ್ಕವನ್ನೆಲ್ಲ ಹೆಂಗಸರೇ ಬರೆಯುತ್ತಿದ್ದರು ಅಂತಾನೆ ನೂನಿಜ್. ರಾಜ್ಯದ ವ್ಯವಹಾರ ಬರೆಯುವ ಹೆಂಗಸರೂ ಇದ್ದರು, ತಮ್ಮ ಪುಸ್ತಕವನ್ನು ಹೊರಗಿನ ಬರಹಗಾರರ ಪುಸ್ತಕದ ಜೊತೆ ತಾಳೆ ನೋಡುತ್ತಿದ್ದರು. ನೀನು ಆಫೀಸಿನಲ್ಲಿ ದಿನಾ ಮಾಡೋದು ಅದೇ ಅಲ್ವಾ? ನಾನು ನಮ್ಮ ಸಂಘದ ಪುಸ್ತಕದಲ್ಲಿ ಸಾಲದ ಕಂತು ಬರೆಯುವಾಗಲೂ ಈಗ ಅವರೇ ನೆನಪಾಗ್ತಾರೆ.

ಆದರೆ ಅವರಲ್ಲಿ ಒಬ್ಬಳ ಹೆಸರನ್ನೂ ಅವನು ಬರೆದಿಲ್ಲ. ಕುದುರೆ, ಆನೆ, ಕಾಲಾಳು ಎಲ್ಲದಕ್ಕೂ ಲೆಕ್ಕ ಕೊಡ್ತಾನೆ. ಲೆಕ್ಕ ಬರೆದ ಈ ಹೆಂಗಸರಿಗೆ ಒಂದೆರಡು ಸಾಲು, ಅಷ್ಟೇ. ನನಗೆ ಬಹಳ ಸಂಕಟ ಆಯಿತು. ಆಮೇಲೆ ಕಾದಂಬರಿ ಹಿಡಿದೆ. ಅದೇ ಕಾಲ, ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ನಮ್ಮ ತುಂಗಭದ್ರೆ. ಇಲ್ಲಿನ ಹೆಣ್ಣಿಗೆ ಹೆಸರಿದೆ, ಹಂಪಮ್ಮ. ಅವಳ ಭಯ, ಅವಳ ಆಸೆ ಎಲ್ಲ ನಮ್ಮ ಓಣಿಯ ಹೆಣ್ಣುಮಗಳದ್ದೇ ಅನ್ನಿಸುತ್ತೆ. ಹಿಂಸೆ ಜಾಸ್ತಿ ಇದೆ, ಕೆಲವು ಪುಟ ಓದಿ ಮುಚ್ಚಿಟ್ಟು ಅಂಗಳದಲ್ಲಿ ಓಡಾಡಿ ಬಂದು ಮತ್ತೆ ಕೂತೆ. ಆದರೂ ನೂನಿಜ್‌ನನ್ನು ಒಬ್ಬನನ್ನೇ ಓದಬೇಡ, ಹಂಪಮ್ಮನನ್ನೂ ಜೊತೆಗೆ ಓದು.

ಮುಂದಿನ ವಾರ ಅಪ್ಪ ಬೆಂಗಳೂರಿಗೆ ಬರ್ತಾರೆ, ಶೇಂಗಾ ಚಟ್ನಿಪುಡಿ ಜೊತೆ ಎರಡೂ ಪುಸ್ತಕ ಕಳಿಸ್ತೀನಿ. ಲೆಕ್ಕದ ಹೆಂಗಸರು ಬರುವ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದ್ದೇನೆ. ಮೊದಲು ಅಲ್ಲಿಂದ ಶುರು ಮಾಡು.

ನಿನ್ನ
ಅವ್ವ
ರಾಯಚೂರು