ಶಾಲೆಗಳ ಹಳೆ ಬಣ್ಣ ತೆಗೆದುಕೊಟ್ಟ ಎಲ್ಲರಿಗೂ ಧನ್ಯವಾದ

ಮಂಡ್ಯ ಸುತ್ತಮುತ್ತಲಿನ ಶಾಲೆ, ಅಂಗನವಾಡಿಗಳ ಕದ, ಕಿಟಕಿಗಳ ಮೇಲಿದ್ದ ಸೀಸದ ಬಣ್ಣವನ್ನು, ಅಂದರೆ ಸೀಸವೆಂಬ ವಿಷದ ಲೋಹ ಬೆರೆತ ಹಳೆ ಬಣ್ಣವನ್ನು, ಸರಿಪಡಿಸುವ ಕೆಲಸ ಈ ಬೇಸಿಗೆ ರಜೆಯಲ್ಲಿ ಮುಗಿಯಿತು. ಮೊದಲ ನಮಸ್ಕಾರ ಬಣ್ಣದ ಮೇಸ್ತ್ರಿಗಳಿಗೆ.

ಒಣ ಉಪ್ಪುಕಾಗದದಲ್ಲಿ ಉಜ್ಜಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಆ ನುಣ್ಣನೆಯ ಧೂಳು ನೆಲದಿಂದ ಮಗುವಿನ ಅಂಗೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಮಿದುಳಿಗಾದ ಪೆಟ್ಟು ಆಮೇಲೆ ಸರಿಹೋಗುವುದಿಲ್ಲ. ಅದಕ್ಕೇ ಮೇಸ್ತ್ರಿಗಳು ಫ್ಯಾನ್ ಆರಿಸಿ, ಕದದಿಂದ ಎರಡು ಮೀಟರ್‌ವರೆಗೆ ದಪ್ಪ ಪ್ಲಾಸ್ಟಿಕ್ ಹಾಸಿ, ನೀರು ಸಿಂಪಡಿಸುತ್ತಾ ವಾಟರ್ ಪೇಪರ್‌ನಲ್ಲೇ (ನೀರಲ್ಲಿ ನೆನೆಸಿ ಬಳಸುವ ಉಪ್ಪುಕಾಗದ) ಉಜ್ಜಿದರು. ಬೆಂಕಿ ಹಿಡಿದು ಬಣ್ಣ ಕೀಳಲು ಯಾರೂ ಹೋಗಲಿಲ್ಲ. ಹಾಗೆ ಮಾಡಿದರೆ ಸೀಸ ಹೊಗೆಯಾಗಿ ನೇರ ಉಸಿರಿಗೆ ಸೇರುತ್ತದೆ. ಗಟ್ಟಿಯಾಗಿ ಕೂತಿದ್ದ ಬಣ್ಣವನ್ನು ಕೆರೆಯದೆ, ತೊಳೆದು, ಪೂರ್ತಿ ಒಣಗಲು ಬಿಟ್ಟು, ಮೊದಲ ಲೇಪವಾದ ಪ್ರೈಮರ್ ಬಳಿದು ಅದರ ಮೇಲೆ ಹೊಸ ಬಣ್ಣ ಬಳಿದರು. ಹಸಿ ಮರಕ್ಕೆ ಬಳಿದರೆ ಎನಾಮಲ್ ಗುಳ್ಳೆಯೆದ್ದು ಒಂದೇ ಮಳೆಗಾಲಕ್ಕೆ ಸುಲಿದು ಬೀಳುತ್ತದೆ.

ಕೀಲು ಸರಿಮಾಡಿಕೊಟ್ಟ ಬಡಗಿಗಳನ್ನು ಬೇರೆಯಾಗಿಯೇ ನೆನೆಯಬೇಕು. ಚೌಕಟ್ಟಿಗೆ ತಿಕ್ಕುವ ಕದ ದಿನಾ ಬಣ್ಣದ ಪುಡಿ ಉದುರಿಸುತ್ತದೆ. ಆ ತಿಕ್ಕಾಟ ನಿಲ್ಲದಿದ್ದರೆ ಮೇಲೆ ಎಷ್ಟು ಬಳಿದರೂ ವ್ಯರ್ಥ.

ಮೇಸ್ತ್ರಿಗಳು ದಿನಾ ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದೇ ಮನೆಗೆ ಹೊರಡುತ್ತಿದ್ದರು. ಅವರ ಮನೆಯಲ್ಲೂ ಮಕ್ಕಳಿದ್ದಾರಲ್ಲ.

ಅಂಗನವಾಡಿ ಸಹಾಯಕಿಯರು ಧೂಳೆಬ್ಬಿಸುವ ಪೊರಕೆ ಬದಿಗಿಟ್ಟು ಎರಡು ಬಕೆಟ್ ಇಟ್ಟುಕೊಂಡರು: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಒರೆಸುವ ಬಟ್ಟೆ ಜಾಲಿಸುವ ನೀರು. ಕಿಟಕಿ ಕಟ್ಟೆಯ ಮೂಲೆಗಳನ್ನೂ ಬಿಡದೆ ಒರೆಸಿದರು. ಹೊತ್ತಿಗೆ ಸರಿಯಾಗಿ ಊಟ, ಹಾಲು ಕೊಡುವ ಅಡುಗೆಯವರೂ ಈ ಕೆಲಸದಲ್ಲಿ ಪಾಲುದಾರರೇ. ಖಾಲಿ ಹೊಟ್ಟೆಯಲ್ಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಿರುವ ಮೈಯಲ್ಲಿ ಸೀಸ ಹೆಚ್ಚು ಸೇರುತ್ತದೆ.

ಇವರ ಜೊತೆಗೆ ನಾವು ಕಂಡಿರದ ಎಷ್ಟೋ ಜನರ ಋಣವೂ ನಮ್ಮ ಮೇಲಿದೆ. ಸೀಸದ ವಿಷದ ಬಗ್ಗೆ 1999ರಲ್ಲೇ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಸೀಸದ ಅಪಾಯವನ್ನೇ ಹೇಳುತ್ತಾ ಬಂದರು. ದೆಹಲಿಯ ಪರಿಸರ ಸಂಸ್ಥೆ ಟಾಕ್ಸಿಕ್ಸ್ ಲಿಂಕ್‌ನವರು ಅಂಗಡಿಯ ಬಣ್ಣದ ಡಬ್ಬಿಗಳನ್ನೇ ಪರೀಕ್ಷೆ ಮಾಡಿಸಿ ಫಲಿತಾಂಶ ಬಯಲಿಗಿಟ್ಟರು. ಸೀಸದ ಬಣ್ಣ ನಿಲ್ಲಿಸಲು ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ 2011ರಲ್ಲಿ ಜಾಗತಿಕ ಒಕ್ಕೂಟ ಕಟ್ಟಿದವು. ನಮ್ಮ ದೇಶದ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು, ಡಬ್ಬಿಯ ಮೇಲೆ ಅದನ್ನು ಬರೆದಿರಬೇಕು. ಈ ಬರಹ ಇಲ್ಲದ ಡಬ್ಬಿಯನ್ನು ಕೊಡದಿದ್ದ ಅಂಗಡಿಯವರಿಗೂ ವಂದನೆ.

ಆದರೆ ಆ ನಿಯಮ ಹೊಸ ಡಬ್ಬಿಗಷ್ಟೇ. ಅದಕ್ಕೂ ಮುಂಚೆ ಬಳಿದ ಹಳದಿ, ಕೆಂಪು, ಹಸಿರು ಎನಾಮಲ್ ಕದದ ಮೇಲೆ ಹಾಗೇ ಉಳಿದಿರುತ್ತದೆ, ಅದನ್ನು ಊರವರೇ ನೋಡಿಕೊಳ್ಳಬೇಕು.

ಕಳಚಿದ ಹಲಗೆಗಳನ್ನು ಹಂಡೆ ಒಲೆಗೆ ಕೇಳಿದವರು ಬಹಳ ಮಂದಿ. ಅವರಿಗೆ ತಾಳ್ಮೆಯಿಂದ ತಿಳಿಹೇಳಿದ ಮುಖ್ಯ ಶಿಕ್ಷಕರಿಗೆ, ಕೇಳಿ ಒಪ್ಪಿಕೊಂಡ ಮನೆಯವರಿಗೆ ನಾವು ಋಣಿಗಳು. ಆ ಸೌದೆಯ ಬೂದಿಯಲ್ಲೂ ಸೀಸ ಉಳಿಯುತ್ತದೆ, ಬೂದಿ ಪಾತ್ರೆ ತಿಕ್ಕುವುದಕ್ಕೂ ಸೊಪ್ಪಿನ ಮಡಿಗೂ ಹೋಗುತ್ತದೆ.