ಸೀಳಿದ ಬಾಣಗಳನ್ನು ಲೆಕ್ಕದಿಂದ ತೆಗೆಸಿ: ಚಿತ್ರದುರ್ಗದ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನನ್ನ ಮಗಳು ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆ. ದುರ್ಗದ ಹೆಣ್ಣುಮಕ್ಕಳು ಬಿಲ್ಲು ಹಿಡಿದು ನಿಂತರೆ ನನಗೆ ಹೆಮ್ಮೆ. ಅವರ ಕೈಗೆ ನಾವು ಕೊಡುತ್ತಿರುವ ಬಾಣಗಳ ಬಗ್ಗೆ ಮಾತ್ರ ಆತಂಕವಿದೆ.

ನಮ್ಮದು ಬಂಡೆಗಳ ನೆಲ. ಗುರಿ ತಪ್ಪಿದ ಬಾಣ ಕಲ್ಲಿಗೇ ಬಡಿಯುತ್ತದೆ. ಕಾರ್ಬನ್ ಬಾಣಕ್ಕೆ ಅಂಥ ಒಂದು ಪೆಟ್ಟು ಸಾಕು. ಹೊರಗೆ ಏನೂ ಕಾಣದಿದ್ದರೂ ಒಳಗಿನ ಎಳೆಗಳು ತುಂಡಾಗಿರಬಹುದು. ಹೆದೆ ತಳ್ಳಿದ ಕ್ಷಣ ಬಾಣ ಬಾಗುತ್ತದೆ. ಒಳಗೆ ಒಡೆದಿದ್ದರೆ ಅಲ್ಲೇ ಸಿಡಿದು, ಸಿಬಿರುಗಳು ಬಿಲ್ಲು ಹಿಡಿದ ಕೈಗೆ ನಾಟುತ್ತವೆ.

ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಎರಡೂ ತುದಿ ಹಿಡಿದು, ಮುಖದಿಂದ ದೂರವಿಟ್ಟು ಬಾಣವನ್ನು ಮೆಲ್ಲಗೆ ಬಾಗಿಸಬೇಕು. ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸುತ್ತಲೂ ಹಾಗೆಯೇ ನೋಡಬೇಕು. ಚಟ್ ಎಂಬ ಸದ್ದು ಬಂದರೆ ಆ ಬಾಣದ ಆಯಸ್ಸು ಮುಗಿಯಿತು. ಬಾಣದ ಹಿಂತುದಿಯಲ್ಲಿ ಹೆದೆಗೆ ಸಿಕ್ಕಿಸುವ ಕಚ್ಚು, ಅಂದರೆ ನಾಕ್, ಸೀಳಿದ್ದರೂ ಅಪಾಯವೇ. ಬಾಣ ಜಾರಿ ಬರಿ ಹೆದೆ ಬಿಟ್ಟಂತಾದರೆ ಬಿಲ್ಲೇ ಮುರಿಯಬಹುದು.

ಇದೆಲ್ಲ ತರಬೇತುದಾರರಿಗೆ ಗೊತ್ತು. ಆದರೂ ಒಂದು ಶಿಬಿರದಲ್ಲಿ, ಸೀಳಿದ ಬಾಣಕ್ಕೆ ಟೇಪ್ ಸುತ್ತಿ ಮತ್ತೆ ಬತ್ತಳಿಕೆಗೆ ಸೇರಿಸಿದ್ದನ್ನು ಕಣ್ಣಾರೆ ಕಂಡೆ. ಕೇಳಿದ್ದಕ್ಕೆ, "ದಾಸ್ತಾನು ಪುಸ್ತಕದಲ್ಲಿ ಲೆಕ್ಕ ಕಡಿಮೆಯಾದರೆ ಯಾರು ಉತ್ತರ ಕೊಡಬೇಕು?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಲೆಕ್ಕ ತನಿಖೆಯ ಭಯಕ್ಕೆ ಮಕ್ಕಳ ಕೈ ಬೆಲೆ ತೆರಬೇಕೇ?

2020ರ ಜನವರಿಯಲ್ಲಿ ಅಸ್ಸಾಮಿನ ದಿಬ್ರುಗಢ ಜಿಲ್ಲೆಯಲ್ಲಿ ಅಭ್ಯಾಸದ ವೇಳೆ 12 ವರ್ಷದ ಹುಡುಗಿಗೆ ಬಾಣ ಹೊಕ್ಕಿತು. ಅದನ್ನು ದೆಹಲಿಯ ಏಮ್ಸ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು. ಅಲ್ಲಿನ ಕಾರಣ ಬೇರೆಯೇ ಇರಬಹುದು; ಬಾಣ ಆಟಿಕೆಯಲ್ಲ ಎಂಬುದಕ್ಕೆ ಅಷ್ಟು ಸಾಕು. ಎರಡು ಸಲ ಸೀಟಿ ಊದಿದರೆ ಬಾಣ ಬಿಡುವ ಗೆರೆಗೆ ಬರುವುದು, ಒಂದಕ್ಕೆ ಬಾಣ ಬಿಡುವುದು, ಮೂರಕ್ಕೆ ಮಾತ್ರ ಬಾಣ ಕೀಳಲು ಹೋಗುವುದು ಎಂಬ ಅಂತರರಾಷ್ಟ್ರೀಯ ಪದ್ಧತಿ ನಮ್ಮ ಪ್ರತಿ ಮೈದಾನದಲ್ಲೂ ಕಡ್ಡಾಯವಾಗಲಿ.

ಪರೀಕ್ಷೆಯಲ್ಲಿ ಸೋತ ಬಾಣವನ್ನು ತರಬೇತುದಾರರೇ ಅಂದೇ ಕತ್ತರಿಸಿ, ಸಹಿ ಹಾಕಿ ದಾಸ್ತಾನಿನಿಂದ ತೆಗೆಯಲು ಲಿಖಿತ ಅಧಿಕಾರ ಕೊಡಿ. ಬದಲಿ ಬಾಣ, ನಾಕ್‌ಗಳಿಗೆ ಶಿಬಿರದ ಖರ್ಚಿನಲ್ಲೇ ಹಣ ಮೀಸಲಿಡಿ. ಬೇಸಿಗೆ ಶಿಬಿರಗಳು ಆರಂಭವಾಗುವ ಮುನ್ನ ಈ ಆದೇಶ ಹೊರಬೀಳಲಿ ಎಂದು ಕೋರುತ್ತೇನೆ.

ಇಂತಿ,
ಬಿಲ್ಲುಗಾರ್ತಿಯೊಬ್ಬಳ ತಾಯಿ
ಚಿತ್ರದುರ್ಗ